ಗಾಜು ಇಳಿಸಬೇಡ

ಇಗ್ರಾನೆ, 12 ಜೂನ್ 1977

ಪ್ರೀತಿಯ ದಿಂಕಾ,

ನಿನ್ನ ಕಾಗದ ಬಂತು. ಜುಲೈ ರಜೆಗೆ ಕಾರಿನಲ್ಲೇ ಬರುತ್ತೀರಿ, ಬಂದ ಮೇಲೆ ಯಾಗೊದಾಳನ್ನು ಕೂರಿಸಿಕೊಂಡು ಕಡಲ ದಂಡೆಯ ದಾರಿಯಲ್ಲಿ ರಿಯೇಕಾವರೆಗೆ ಹೋಗಿ, ತಿಂಗಳ ಕೊನೆಯೊಳಗೆ ವಾಪಸ್ ತಂದುಬಿಡುತ್ತೀರಿ ಎಂದು ಬರೆದಿದ್ದೀಯ. ನಾವು ನಾಲ್ಕೂ ಜನ ಒಂದು ಕುಟುಂಬ ಅನ್ನುವುದು ಅವಳಿಗೆ ಗೊತ್ತಾಗಬೇಕು ಎಂದಿದ್ದೀಯ. ಗೊತ್ತಾಗಲಿ. ಹೆತ್ತವಳು ಕೇಳುವಾಗ ಬೇಡ ಎನ್ನಲು ನಾನು ಯಾರು? ಎರಡು ವರ್ಷದ ಮಗುವನ್ನು ನನ್ನ ಮಡಿಲಿಗೆ ಹಾಕಿ, "ಅಕ್ಕಾ, ಒಂದೇ ಒಂದು ವರ್ಷ, ನಮಗೆ ಅಲ್ಲೊಂದು ಸರಿಯಾದ ಮನೆ ಸಿಗೋವರೆಗೆ" ಎಂದು ಬಸ್ಸು ಹತ್ತಿದವಳು ನೀನು. ಈಗ ಅವಳಿಗೆ ಏಳು. ನಿನಗೂ ಲೋವ್ರೆಗೂ ಮನೆ ಸಿಕ್ಕಿತು, ಆ ಮನೆಯಲ್ಲಿ ಡೆನಿಸ್ ಹುಟ್ಟಿದ, ಅವನಿಗೂ ಮೂರಾಯಿತು. ಅವನನ್ನು ಮಾತ್ರ ಯಾರ ಮಡಿಲಿಗೂ ಹಾಕಲಿಲ್ಲವಲ್ಲ ಎಂದು ನಾನು ಕೇಳುವುದಿಲ್ಲ. ಗಂಡು ಮಗು, ಮೇಲಾಗಿ ಅಲ್ಲೇ ಹುಟ್ಟಿದ್ದು.

ಯಾಗೊದಾ ಚೆನ್ನಾಗಿದ್ದಾಳೆ. ನಿನ್ನನ್ನು ದಿನಾ ನೆನೆಯುತ್ತಾಳೆ. ನೀನು ಕಳಿಸಿದ ಗೊಂಬೆ ಬೀರುವಿನ ಮೇಲೆ ಕೂತಿದೆ. ಹಾಳಾಗಬಾರದೆಂದು ಅವಳು ಅದನ್ನು ಮುಟ್ಟುವುದೇ ಇಲ್ಲ. ಸೆಪ್ಟೆಂಬರಿನಲ್ಲಿ ಇಲ್ಲಿಯ ಶಾಲೆಗೆ ಸೇರಿಸುತ್ತೇನೆ. ನೀಲಿ ಮೇಲಂಗಿ ಹೊಲಿದಾಗಿದೆ.

ಒಂದೆರಡು ಮಾತು ಚೆನ್ನಾಗಿ ನೆನಪಿಟ್ಟುಕೋ. ಅವಳ ಕಿವಿ ಬಹಳ ಸೂಕ್ಷ್ಮ, ಅಡ್ಡಗಾಳಿ ತಾಗಿದರೆ ಮುಗಿಯಿತು. ಕಾರಿನ ಗಾಜು ಇಳಿಸಬೇಡ, ಒಂದು ಬೆರಳಿನಷ್ಟೂ. ಎದುರುಬದುರು ಎರಡು ಕಿಟಕಿ ತೆರೆದರೆ ಏನಾಗುತ್ತದೆಂದು ನಿನಗೆ ಹೇಳಬೇಕಾಗಿಲ್ಲ. ನಮ್ಮ ಚಿಕ್ಕಪ್ಪನ ಬಾಯಿ ಸೊಟ್ಟಗಾದದ್ದು ಬೆವರಿನ ಮೈಯಲ್ಲಿ ಬಾಗಿಲಿಗೂ ಕಿಟಕಿಗೂ ನಡುವೆ ಮಲಗಿದ್ದಕ್ಕೇ. ಅಲ್ಲಿಯ ಜರ್ಮನರು ಹಿಮ ಬೀಳುವಾಗಲೂ ಕಿಟಕಿ ತೆರೆದು ಮಲಗುತ್ತಾರಂತೆ. ನೀನೂ ಅದನ್ನು ಕಲಿತಿದ್ದರೆ ನನ್ನ ಮಗುವಿನ ಮೇಲೆ ಪ್ರಯೋಗ ಮಾಡಬೇಡ. ಬೆಳಿಗ್ಗೆ ಹೊರಡುವ ಮುಂಚೆ ದೊಡ್ಡ ಲೋಟದ ತುಂಬ ಬಿಸಿ ಹಾಲು ಕುಡಿಸು. ಅದಿಲ್ಲದೆ ಅವಳಿಗೆ ಆಗುವುದಿಲ್ಲ.

'ನನ್ನ ಮಗು' ಎಂದು ಬರೆದುಬಿಟ್ಟೆ. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ. ಇರಲಿ.

ನಿನ್ನ ಅಕ್ಕ,
ಪೆರೀನಾ


ಸ್ಟುಟ್‌ಗಾರ್ಟ್, 24 ಜೂನ್ 1977

ಪ್ರೀತಿಯ ಅಕ್ಕ,

ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ನಿನ್ನ ಕಾಗದ ಓದಿದೆ. 'ನನ್ನ ಮಗು' ಎಂದದ್ದಕ್ಕೆ ನನಗೆ ಬೇಸರವಿಲ್ಲ. ಐದು ವರ್ಷ ಅವಳ ಜ್ವರ, ನೆಗಡಿ, ಹಲ್ಲು ಎಲ್ಲವನ್ನೂ ನೋಡಿದವಳು ನೀನು. ಆಗ ನಾನು ಎಂಥ ಜಾಗದಲ್ಲಿದ್ದೆ ಎಂದು ನಿನಗೆ ಗೊತ್ತಿದೆ. ಕಾರ್ಖಾನೆಯ ವಸತಿಯ ಒಂದೇ ಕೋಣೆಯಲ್ಲಿ ಹೆಂಗಸರೆಲ್ಲ ಒಂದರ ಮೇಲೊಂದು ಮಂಚ ಹಾಕಿಕೊಂಡು ಇದ್ದೆವು, ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ನಮ್ಮ ಊರಿನಿಂದ ಬಂದ ಯಾವ ಹೆಂಗಸು ಮಗುವನ್ನು ಹಿಂದೆ ಬಿಟ್ಟು ಬರಲಿಲ್ಲ ಹೇಳು. ಭಾನುವಾರ ಚರ್ಚಿನ ಹೊರಗೆ ನಿಂತಾಗ ನಾವು ಪರಸ್ಪರ ಕೇಳುವ ಮೊದಲ ಮಾತೇ, "ನಿಂದು ಯಾರ ಹತ್ರ ಇದೆ?" ಎಂದು.

ಲೋವ್ರೆ ನಿನ್ನ ಕಾಗದ ಓದಿ, "ನಿಮ್ಮಕ್ಕ ಕಾಗದ ಬರೆಯಲ್ಲ ಕಣೇ, ಮೀನಿನ ಮುಳ್ಳು ಪೋಸ್ಟ್ ಮಾಡ್ತಾಳೆ" ಎಂದು ನಕ್ಕ. ನಾನು ಬೈದೆ. ಆಮೇಲೆ ನನಗೂ ನಗು ಬಂತು, ಕ್ಷಮಿಸು.

ಹೋದ ಬೇಸಿಗೆಯಲ್ಲಿ ನಾವು ಹೊರಟು ನಿಂತಾಗ ಅವಳು ನಿನ್ನ ಲಂಗದ ಹಿಂದಿನಿಂದ ಕೈ ಬೀಸಿದಳು, ಬ್ರೆಡ್ಡಿನ ವ್ಯಾನಿನವನಿಗೆ ಬೀಸುವ ಹಾಗೆ. ಅದಕ್ಕೇ ಈ ಪ್ರವಾಸ. ಅವಳಿಗೆ ಏನು ಇಷ್ಟ, ಯಾವ ಕತೆ ಹೇಳಿದರೆ ನಿದ್ದೆ ಬರುತ್ತದೆ, ಬರೆ. ನನಗೆ ಒಂದೂ ಗೊತ್ತಿಲ್ಲ. ಗಾಜಿನ ಚಿಂತೆ ಬಿಡು. ಅಡ್ಡಗಾಳಿ ಏನೆಂದು ಜರ್ಮನಿಗೆ ಬಂದ ಮಾತ್ರಕ್ಕೆ ಮರೆತಿಲ್ಲ.

ತಿಂಗಳ ಕೊನೆಗೆ ತಂದುಬಿಡುತ್ತೇವೆ, ಅಮ್ಮನ ಮೇಲಾಣೆ. ದಾರಿಯ ಪ್ರತಿ ಊರಿನಿಂದಲೂ ಬರೆಯುತ್ತೇನೆ. ನೀನು ಮುಂದಿನ ಊರಿನ ಅಂಚೆ ಕಚೇರಿಗೆ ನನ್ನ ಹೆಸರಿನಲ್ಲಿ ಬರೆ, ಹೋಗಿ ಕೇಳಿ ತೆಗೆದುಕೊಳ್ಳುತ್ತೇನೆ.

ನಿನ್ನ,
ದಿಂಕಾ


ಇಗ್ರಾನೆ, 18 ಜುಲೈ 1977
(ಜಾದರ್ ಅಂಚೆ ಕಚೇರಿಗೆ)

ದಿಂಕಾ,

ನೀವು ಹೊರಟು ಒಂದು ದಿನವಾಯಿತು. ಮನೆಯೊಳಗೆ ಜೀರುಂಡೆ ಬಂದು ಕೂತು ಕೂಗಿದರೂ ಅಟ್ಟುವವರಿಲ್ಲ.

ಹೋಗುವಾಗ ಅವಳು ಅಳಲಿಲ್ಲ, ನೋಡಿದೆಯಲ್ಲ. ನೀನು ಅದನ್ನು ನಿನ್ನ ಮೇಲಿನ ಪ್ರೀತಿ ಎಂದುಕೊಂಡಿರುತ್ತೀಯ. ಹಿಂದಿನ ದಿನವೆಲ್ಲ ನಾನು ಕೂರಿಸಿಕೊಂಡು ಹೇಳಿಕೊಟ್ಟಿದ್ದೆ. ಅವಳು ಹೇಳಿದ ಮಾತು ಕೇಳುವ ಮಗು.

ಪಕ್ಕದ ಮನೆಯ ಕಾತೆ ನಿಮ್ಮ ಕಾರು ತಿರುಗುವವರೆಗೂ ಗೋಡೆಯ ಮೇಲೆ ಮೊಣಕೈ ಊರಿ ನಿಂತಿದ್ದಳು. "ಪೆರೀನಾ, ನಿನ್ ತಂಗಿ ಕೂದಲಿಗೆ ಏನಾಯ್ತೇ? ಜೋಳದ ತೆನೆ ಥರ ಮಾಡ್ಕೊಂಡಿದ್ದಾಳೆ!" ಎಂದಳು. "ಅಲ್ಲಿ ಹಾಗಿದ್ರೇ ಕೆಲಸ ಕೊಡೋದಂತೆ" ಎಂದೆ. "ಅದ್ಸರಿ, ಹುಡುಗಿ ಮಾತ್ರ ನಿನ್ ಹಾಗೇ ನಡೀತಾಳೆ, ಒಂದು ಭುಜ ಕೆಳಗೆ ಮಾಡ್ಕೊಂಡು" ಎಂದಳು. ಕೇಳಿ ನನಗೆ ಸಂತೋಷವಾಯಿತು. ಅದನ್ನು ನಿನಗೆ ಬರೆಯದೆ ಇರಬಹುದಿತ್ತು.

ಅವಳಿಗೆ ಯಾವ ಕತೆ ಇಷ್ಟ ಎಂದು ನೀನು ಕೇಳಿದ್ದೆ. ಅವಳಿಗೆ ಕತೆ ಬೇಡ. ಪಕ್ಕದಲ್ಲಿ ಯಾರಾದರೂ ಉಸಿರಾಡುತ್ತಿದ್ದರೆ ಸಾಕು. ಆದರೆ ಹೊಸ ಉಸಿರಾದರೆ ಅವಳಿಗೆ ಗೊತ್ತಾಗುತ್ತದೆ.

ಈ ವಾರ ಸೆಖೆ ಇನ್ನೂ ಏರುತ್ತದೆಂದು ರೇಡಿಯೋದಲ್ಲಿ ಹೇಳಿದರು. ಗಾಜು ಮುಚ್ಚಿಯೇ ಇರಲಿ. ಲೋವ್ರೆ ತಗಾದೆ ತೆಗೆಯುತ್ತಾನೆ, ಅವನ ಮಾತು ಕೇಳಬೇಡ. ಹಾಲು ತಪ್ಪಿಸಬೇಡ. ಸಾಕಾದರೆ ಮಧ್ಯದಲ್ಲೇ ತಿರುಗಿ ಬನ್ನಿ. ಅದರಲ್ಲಿ ಅವಮಾನವೇನಿಲ್ಲ, ಎಲ್ಲರಿಗೂ ಮಕ್ಕಳನ್ನು ಸುಧಾರಿಸಲು ಬರುವುದಿಲ್ಲ.

ಪೆರೀನಾ


ಶಿಬೆನಿಕ್, 19 ಜುಲೈ 1977

ಪ್ರೀತಿಯ ಅಕ್ಕ,

ಊರ ಹೊರಗೆ ಪೈನ್ ಮರಗಳ ಕೆಳಗೆ ಡೇರೆ ಹಾಕಿದ್ದೇವೆ. ಡೇರೆಯೊಳಗೇ ವಾಸಿ, ಕಾರು ಒಲೆಯಾಗಿದೆ. ಸೀಟಿನ ಪ್ಲಾಸ್ಟಿಕ್ಕಿಗೆ ತೊಡೆ ಅಂಟಿಕೊಂಡು ಏಳುವಾಗ ಚರ್ಮ ಕಿತ್ತು ಬಂದ ಹಾಗಾಗುತ್ತದೆ. ಲೋವ್ರೆ ಶರ್ಟು ಬಿಚ್ಚಿ, ಹೆಗಲಿಗೆ ಒದ್ದೆ ಟವೆಲ್ ಹಾಕಿಕೊಂಡು ಓಡಿಸುತ್ತಾನೆ.

"ಲೇ, ಒಂಚೂರು ಇಳಿಸ್ತೀನಿ ಕಣೇ, ಪ್ರಾಣ ಹೋಗ್ತಿದೆ."

"ಬೇಡ. ಅವಳ ಕಿವಿ."

"ಕಿವಿ ಒಂದು ಉಳ್ಕೊಳ್ಳುತ್ತೆ, ಮಿಕ್ಕಿದ್ದೆಲ್ಲ ಬೆಂದುಹೋಗುತ್ತೆ. ಆಮೇಲೆ ನಿಮ್ಮಕ್ಕನಿಗೆ ಕಿವಿ ಮಾತ್ರ ಪಾರ್ಸೆಲ್ ಮಾಡೋಣ."

ಆದರೂ ಇಳಿಸಿಲ್ಲ. ಐದು ವರ್ಷದಲ್ಲಿ ನೀನು ನನ್ನನ್ನು ಕೇಳಿಕೊಂಡಿದ್ದು ಇದೊಂದನ್ನೇ, ಇದಾದರೂ ಸರಿಯಾಗಿ ಮಾಡುತ್ತೇನೆ. ಡೆನಿಸ್ ಅತ್ತು ಅತ್ತು ಕೆಂಪಗಾದ, ಅವನನ್ನು ಮುಂದೆ ನನ್ನ ಮಡಿಲಲ್ಲಿ ಕೂರಿಸಿಕೊಂಡು ಬೀಸಣಿಗೆ ಹಾಕಿದೆ. ಯಾಗೊದಾ ಹಿಂದೆ ಒಬ್ಬಳೇ, ಸೀಟಿನ ಮಧ್ಯದಲ್ಲಿ, ಎರಡು ಕೈಯನ್ನೂ ಮಡಿಲಲ್ಲಿಟ್ಟು ಕೂತಿರುತ್ತಾಳೆ. ಓಮಿಶ್ ಹತ್ತಿರದ ತಿರುವುಗಳಲ್ಲಿ ವಾಂತಿ ಮಾಡಿಕೊಂಡಳು. ಲಂಗವನ್ನು ಬೊಗಸೆ ಮಾಡಿ ಅದರೊಳಗೇ ಮಾಡಿಕೊಂಡಳು ಅಕ್ಕ, ಸೀಟಿಗೆ ಒಂದು ಹನಿ ತಾಗದ ಹಾಗೆ. ವಾಸನೆ ಬಂದ ಮೇಲೆಯೇ ನಮಗೆ ಗೊತ್ತಾದದ್ದು.

"ಯಾಕೆ ಹೇಳ್ಲಿಲ್ಲ ಪುಟ್ಟಾ?"

"ನೀವು ಮಾತಾಡ್ತಾ ಇದ್ರಿ."

ನನಗೆ ನೀವು, ಅವಳಪ್ಪನಿಗೆ ನೀವು, ಮೂರು ವರ್ಷದ ಡೆನಿಸ್‌ಗೂ ನೀವು. ಲೋವ್ರೆಗೆ ನಗು ತಡೆಯಲಾಗಲಿಲ್ಲ. ನನಗೆ ನಗು ಬರಲಿಲ್ಲ.

ಆದರೆ ಅವಳು ಖುಷಿಯಾಗಿದ್ದಾಳೆ, ನಾನು ಬಲ್ಲೆ. ಸಂಜೆ ನೀರಿಗಿಳಿದು ಬಂದ ಮೇಲೆ ನನ್ನ ಪಕ್ಕಕ್ಕೆ ಬಂದು, "ನಾನು ಇವತ್ತು ಒಳ್ಳೆಯವಳಾಗಿದ್ನಾ?" ಎಂದು ಕೇಳುತ್ತಾಳೆ. "ತುಂಬಾ ಒಳ್ಳೆಯವಳು" ಎಂದರೆ, ತಲೆಯಾಡಿಸಿ ಹೋಗಿ ಮಲಗುತ್ತಾಳೆ. ನನ್ನ ಮೆಚ್ಚುಗೆ ಬೇಕೆಂದು ಅವಳಿಗೆ ಎಷ್ಟು ಆಸೆ ನೋಡು.

ದಿಂಕಾ


ಜಾದರ್, 22 ಜುಲೈ 1977

ಅಕ್ಕ,

ನಿನ್ನ ಕಾಗದ ಇಲ್ಲಿ ಸಿಕ್ಕಿತು. ಕೌಂಟರಿನ ಮುಂದೆಯೇ ಓದಿದೆ, ಓದಬಾರದಿತ್ತು. ಹಿಂದೆ ಸಾಲಿನಲ್ಲಿ ನಿಂತವರು "ಅಮ್ಮಾ, ಪಕ್ಕಕ್ಕೆ ಸರೀರಿ" ಎನ್ನುವವರೆಗೂ ಅಲ್ಲೇ ನಿಂತಿದ್ದೆ.

ಎಲ್ಲರಿಗೂ ಮಕ್ಕಳನ್ನು ಸುಧಾರಿಸಲು ಬರುವುದಿಲ್ಲ ಎಂದಿದ್ದೀಯ. ಸರಿ, ಕೇಳು. ನಿನ್ನೆ ಮಾರುಕಟ್ಟೆಯ ಜನಜಂಗುಳಿಯಲ್ಲಿ ಅವಳೇ ನನ್ನ ಕೈ ಹಿಡಿದಳು. ನಾನು ಹಿಡಿದದ್ದಲ್ಲ, ಅವಳೇ ಹಿಡಿದದ್ದು. ಹುರಿದ ಭೂತಾಯಿ ಮೀನನ್ನು ಮುಳ್ಳು ಬಿಡಿಸಿ ಅವಳ ತಟ್ಟೆಗೆ ಹಾಕಿದೆ, ಪೂರ್ತಿ ತಿಂದಳು. ಆಮೇಲೆ ನನ್ನನ್ನು ಅಮ್ಮ ಎಂದು ಕರೆದಳು, ಯಾರೂ ಹೇಳಿಕೊಡದೆ. ಲೋವ್ರೆಯ ಕಣ್ಣಲ್ಲಿ ನೀರು ಬಂತು. ಮುಳ್ಳು ಕಳಿಸುವವಳಿಗೆ ಇದನ್ನು ಬರೆ ಎಂದ, ಬರೆಯುತ್ತಿದ್ದೇನೆ.

ನೀನು ಅವಳಿಗೆ ಅನ್ನ ಬಟ್ಟೆ ಕೊಟ್ಟೆ, ಅದಕ್ಕೆ ನಾವು ಋಣಿಗಳು. ಆದರೆ ಅಕ್ಕ, ಮಗುವನ್ನು ಹೊತ್ತು ಹೆತ್ತವಳಿಗೆ ಮಾತ್ರ ಗೊತ್ತಾಗುವ ಕೆಲವು ವಿಷಯಗಳಿವೆ. ಭಾವ ಹಡಗಿನಿಂದ ವಾಪಸ್ ಬಂದಿದ್ದರೆ ನಿನಗೂ ಗೊತ್ತಾಗುತ್ತಿತ್ತೇನೋ. ಬರಲಿಲ್ಲ. ಅದು ನನ್ನ ಮಗಳ ತಪ್ಪಲ್ಲ.

ನಾಳಿದ್ದು ಇಲ್ಲಿಂದ ಹೊರಟು ಕಾರ್ಲೊಬಾಗ್, ಆಮೇಲೆ ಸೆನ್. ಬರೆಯುವುದಾದರೆ ಸೆನ್‌ಗೆ ಬರೆ. ಗಾಜು ಮುಚ್ಚಿಯೇ ಇದೆ, ಹಾಲು ಕೊಡುತ್ತಿದ್ದೇನೆ. ನಿನಗೆ ಇನ್ನೇನು ಬೇಕು?

ದಿಂಕಾ


ಇಗ್ರಾನೆ, 25 ಜುಲೈ 1977
(ಸೆನ್ ಅಂಚೆ ಕಚೇರಿಗೆ)

ದಿಂಕಾ,

ಇವತ್ತು ಬೆಳಿಗ್ಗೆ ಶಾಲೆಗೆ ಹೋಗಿದ್ದೆ, ಯಾಗೊದಾಳ ಹೆಸರು ಬರೆಸಲು. ಮೇಷ್ಟರು ಕನ್ನಡಕದ ಮೇಲಿನಿಂದ ನೋಡಿ, "ಏನ್ ಪೆರೀನಮ್ಮಾ, ನಿಮಗೆ ಗೊತ್ತಿಲ್ವಾ? ನಿಮ್ ತಂಗಿ ಹದಿನಾರನೇ ತಾರೀಖು ಬಂದು, ಹುಡುಗಿ ಜರ್ಮನೀಲಿ ಓದ್ತಾಳೆ ಅಂತ ಹೇಳಿ ಹೋದ್ರಲ್ಲ. ಅಲ್ಲಿ ಸೀಟೂ ಸಿಕ್ಕಿದೆಯಂತೆ" ಎಂದರು. "ಗೊತ್ತು ಗೊತ್ತು, ಬೇರೆ ಕೆಲಸಕ್ಕೆ ಬಂದೆ" ಎಂದೆ. ಬೇರೆ ಯಾವ ಕೆಲಸವೂ ನೆನಪಾಗದೆ ಅವರ ಹೆಂಡತಿಯ ಕಾಲುನೋವು ವಿಚಾರಿಸಿ ಬಂದೆ.

ಹದಿನಾರನೇ ತಾರೀಖು ಬೆಳಿಗ್ಗೆ ಬ್ರೆಡ್ ತರುತ್ತೇನೆಂದು ಹೋದವಳು ನೀನು. ಬ್ರೆಡ್ ತಂದದ್ದೂ ನಿಜ. ನಾನು ಅದಕ್ಕೆ ಎಣ್ಣೆ ಸವರಿ ನಿನ್ನ ಮಗನಿಗೆ ತಿನ್ನಿಸಿದೆ.

ಹಾಗಾದರೆ ವಾಪಸ್ ಬರುವುದಿಲ್ಲ. ಅಮ್ಮನ ಮೇಲೆ ಆಣೆ ಇಟ್ಟದ್ದು ನೀನು, ಅವಳ ಗೋರಿಗೆ ಪ್ರತಿ ಶನಿವಾರ ನೀರು ಹಾಕಿ ತೊಳೆಯುವವಳು ನಾನು. ಈ ವಾರ ಅಲ್ಲಿ ಏನು ಹೇಳಲಿ?

ನಿನ್ನನ್ನು ಅಮ್ಮ ಎಂದು ಕರೆದಳೆಂದು ಜಾದರಿನಿಂದ ಬರೆದಿದ್ದೀಯ. ಸುಳ್ಳು. ಅವಳು ಕರೆಯುವುದಿಲ್ಲ. ನೀನು ಬಿಟ್ಟುಹೋದ ವಾರವೆಲ್ಲ ಅವಳು ಬಸ್ಸು ನಿಲ್ಲುವ ಜಾಗದಲ್ಲಿ ನಿಂತು, ಇಳಿಯುವ ಪ್ರತಿ ಹೆಂಗಸಿನ ಕಡೆಗೂ ಕೈ ಚಾಚಿ ಅಮ್ಮಾ ಎಂದಳು. ಪರವೂರಿನ ಹೆಂಗಸರು ನಕ್ಕು ಕೆನ್ನೆ ಹಿಂಡಿ ಹೋದರು. ಆಮೇಲೆ ಒಂದು ದಿನ ನಿಲ್ಲಿಸಿದಳು. ಆ ಮಾತನ್ನು ಆಮೇಲೆ ಅವಳು ಯಾರಿಗೂ ಆಡಿಲ್ಲ. ನನಗೂ ಆಡಿಲ್ಲ, ನಾನು ಎಷ್ಟು ಕಾದರೂ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ನೋವಾಗುತ್ತದೆಂದು ಮುಚ್ಚಿಟ್ಟಿದ್ದೆ. ಈಗ ಆಗಲಿ.

ಸೆನ್‌ನಿಂದ ತಿರುಗಿ ಬಾ. ಅವಳು ನಿಮ್ಮ ಜೊತೆ ಬದುಕುವ ಮಗುವಲ್ಲ. ಇಷ್ಟು ಹೊತ್ತಿಗೆ ನಿನಗೇ ಗೊತ್ತಾಗಿರಬೇಕು.

ಪೆರೀನಾ


ಸೆನ್, 28 ಜುಲೈ 1977

ಪೆರೀನಾ,

ಗೊತ್ತಾಗಿದೆ. ನಿಧಾನವಾಗಿ ಬರೆಯುತ್ತೇನೆ, ಒಂದೂ ಬಿಟ್ಟುಹೋಗಬಾರದು.

ಮೊನ್ನೆ ಕಾರ್ಲೊಬಾಗ್ ದಾಟಿ, ವೆಲೆಬಿತ್ ಬೆಟ್ಟದ ಕೆಳಗಿನ ದಾರಿಯಲ್ಲಿ ಕಲ್ಲಂಗಡಿ ಲಾರಿಯೊಂದು ಅಡ್ಡ ಬಿದ್ದಿತ್ತು. ಆ ದಾರಿ ನಿನಗೆ ಗೊತ್ತು. ಒಂದು ಕಡೆ ಬೋಳು ಬಂಡೆ, ಇನ್ನೊಂದು ಕಡೆ ಕೆಳಗೆ ಕಡಲು, ನೆರಳಿಗೆ ಒಂದು ಪೊದೆಯೂ ಇಲ್ಲ. ನಡುಮಧ್ಯಾಹ್ನ. ಮುಂದೆಯೂ ಕಾರುಗಳು, ಹಿಂದೆಯೂ ಕಾರುಗಳು. ಜನರೆಲ್ಲ ಇಳಿದು ರಸ್ತೆಯಲ್ಲೇ ಕಲ್ಲಂಗಡಿ ಒಡೆದು ತಿನ್ನುತ್ತಿದ್ದರು. ಲೋವ್ರೆ ಡೆನಿಸ್‌ನನ್ನು ಎತ್ತಿಕೊಂಡು ಇಳಿದ. ನಾನು ಯಾಗೊದಾಳನ್ನು ಇಳಿಸಲಿಲ್ಲ. ಕಡಲಿನಿಂದ ಗಾಳಿ ಬೀಸುತ್ತಿತ್ತು, ಅವಳ ಮೈಯೆಲ್ಲ ಬೆವರು. ಬಾಗಿಲು ತೆರೆದರೆ ಗಾಳಿ ಆರಪಾರ ಹೋಗುತ್ತದೆಂದು ನಾನೂ ಒಳಗೇ ಅವಳ ಜೊತೆ ಕೂತೆ. ನಿನ್ನ ಮಾತಿಗಾಗಿ ಕೂತೆ. "ಸೆಖೇನಾ ಪುಟ್ಟಾ?" ಎಂದು ಕೇಳಿದೆ. "ಇಲ್ಲ, ಚೆನ್ನಾಗಿದೆ" ಎಂದಳು. ಆಮೇಲೆ ಕೇಳಿದಾಗಲೂ ಚೆನ್ನಾಗಿದೆ ಎಂದಳು. ಮತ್ತೆ ಕೇಳಿದಾಗ ಮಾತಾಡಲಿಲ್ಲ. ಕಣ್ಣು ತೆರೆದೇ ಇತ್ತು, ಬೆವರು ನಿಂತುಹೋಗಿತ್ತು, ಮೈ ಹೆಂಚಿನ ಹಾಗೆ ಸುಡುತ್ತಿತ್ತು. ಆಮೇಲೆ ಕೈಕಾಲು ಸೆಟೆದುಕೊಂಡವು.

ಯಾರೋ ಅವಳನ್ನು ಮೋಟಾರ್ ದೋಣಿಯಲ್ಲಿ ಇಲ್ಲಿಗೆ ಮುಟ್ಟಿಸಿದರು. ಡಾಕ್ಟರು ಚಿಕ್ಕ ವಯಸ್ಸಿನವನು, ನನ್ನ ಮೇಲೆ ಕೂಗಾಡಿದ. "ಗಾಜು ಯಾಕ್ರೀ ಮುಚ್ಚಿದ್ರಿ? ಮಗೂನ ಬೇಯಿಸೋಕೆ ಇಟ್ಟಿದ್ರಾ?" ಕಿವಿ ಸೂಕ್ಷ್ಮ, ಅಡ್ಡಗಾಳಿ ಎಂದೆ. ಅವನು ಅಲ್ಲೇ ಟಾರ್ಚು ಹಾಕಿ ಎರಡು ಕಿವಿಯನ್ನೂ ನೋಡಿದ. "ಇಂಥ ಒಳ್ಳೆ ಕಿವಿ ಈ ವಾರ್ಡಲ್ಲೇ ಯಾರಿಗೂ ಇಲ್ಲ" ಎಂದ. ಅವನು ಅತ್ತ ಹೋದ ಕೂಡಲೇ ನರ್ಸಮ್ಮ ಎದ್ದು, "ಅವರಿಗೇನು ಗೊತ್ತು, ಓದಿದವರು" ಎಂದು ಗೊಣಗಿ ಕಿಟಕಿ ಮುಚ್ಚಿದಳು. ನಾನು ಹೋಗಿ ತೆರೆದೆ.

ನಿನ್ನೆ ಮಧ್ಯಾಹ್ನ ಅವಳಿಗೆ ಪೂರ್ತಿ ಎಚ್ಚರವಾಯಿತು. ಮೊದಲು ಕೇಳಿದ್ದು ಇದು:

"ಇಷ್ಟು ಒಳ್ಳೆಯವಳಾಗಿದ್ರೆ ಸಾಕಾ? ಈಗ ಮನೆಗೆ ಹೋಗಬಹುದಾ?"

"ಯಾರು ಹಾಗೆ ಹೇಳಿದ್ದು?"

"ದೊಡ್ಡಮ್ಮ. ಬಾಯಿ ಮುಚ್ಕೊಂಡು ಹೇಳಿದ್ದೆಲ್ಲ ಕೇಳಿದ್ರೆ ಬೇಗ ವಾಪಸ್ ತರ್ತಾರೆ ಅಂದ್ರು. ಸೆಖೆ ಅಂತ ಹೇಳ್ಬಾರ್ದು, ವಾಂತಿ ಅಂತ ಹೇಳ್ಬಾರ್ದು ಅಂದ್ರು."

"ನಿನ್ನ ಕಿವಿ ನೋಯುತ್ತಾ?"

"ನಂಗೆ ಯಾವತ್ತೂ ಕಿವಿ ನೋವು ಬಂದಿಲ್ಲ. ಬೇಸಿಗೇಲಿ ನಾವು ಹೊರಗೇ ಮಲಗೋದು, ದ್ರಾಕ್ಷಿ ಚಪ್ಪರದ ಕೆಳಗೆ. ಗಾಳಿ ಬಂದ್ರೆ ದೊಡ್ಡಮ್ಮ ಹೊದಿಕೆ ಮೇಲೆ ಕಲ್ಲು ಇಡ್ತಾರೆ. ಹಾಲು ಕುಡಿದ್ರೆ ಮಾತ್ರ ವಾಂತಿ ಬರುತ್ತೆ."

ನೀನು ಅವಳನ್ನು ಕೊಲ್ಲಬೇಕೆಂದಿರಲಿಲ್ಲ, ಅಷ್ಟು ನನಗೆ ಗೊತ್ತು. ನಮ್ಮ ಪ್ರವಾಸ ಕೆಡಬೇಕು, ಅವಳು ಕಾಯಿಲೆ ಬೀಳಬೇಕು, ನಾವು ಸಾಕಾಗಿ ತಂದು ನಿನ್ನ ಬಾಗಿಲಲ್ಲಿ ಬಿಡಬೇಕು. ಅಷ್ಟಕ್ಕೆ ಸಾಕಾಗುವಷ್ಟು ಮಾತ್ರ ನೀನು ಅಳೆದು ಕೊಟ್ಟಿದ್ದೆ. ಅಡ್ಡಗಾಳಿ ಎಂದರೆ ನಾನು ಎದುರು ಮಾತಾಡುವುದಿಲ್ಲ ಎಂದು ನಿನಗೆ ಗೊತ್ತಿತ್ತು. ಒಂದೇ ತಾಯಿಯ ಹತ್ತಿರ ಬೆಳೆದವರು ನಾವು.

ಈಗ ನಾನು ಏನು ಮಾಡಿದೆ ಕೇಳು. ಅವಳ ಹಾಸಿಗೆಯ ಪಕ್ಕ ಕೂತು ಹೇಳಿದೆ, "ಪುಟ್ಟಾ, ಆ ಮನೆಗೆ ಹೋಗೋ ಹಾಗಿಲ್ಲ. ನಿನ್ನ ಕರ್ಕೊಂಡು ಹೋಗಿ ಅಂತ ನಮಗೆ ಹೇಳಿದ್ದೇ ನಿಮ್ಮ ದೊಡ್ಡಮ್ಮ. ಅವರಿಗೆ ಇನ್ನು ನೀನು ಬೇಡವಂತೆ" ಎಂದೆ.

ಅವಳು ಅಳಲಿಲ್ಲ. ಸಲೈನ್ ಬಾಟಲಿಯ ಕಡೆ ನೋಡಿದಳು. ಆಮೇಲೆ "ಸರಿ" ಎಂದಳು. ಸಂಜೆ ಸೂಪು ತಂದುಕೊಟ್ಟಾಗ, "ಥ್ಯಾಂಕ್ಸ್, ಅಮ್ಮ" ಎಂದಳು. ಜಾದರಿನಿಂದ ಬರೆದದ್ದು ಸುಳ್ಳು, ನೀನು ಸರಿಯಾಗಿಯೇ ಹಿಡಿದೆ. ಇದು ನಿಜ.

ಡಾಕ್ಟರು ಬಿಟ್ಟ ದಿನವೇ ಗಡಿ ದಾಟುತ್ತೇವೆ.

ದಿಂಕಾ


ಸ್ಟುಟ್‌ಗಾರ್ಟ್, 4 ಡಿಸೆಂಬರ್ 1977

ಅಕ್ಕ,

ಜುಲೈ ಮುಗಿದ ಮೇಲೆ ನಿನ್ನ ಕಾಗದವಿಲ್ಲ. ನಾನೂ ಬರೆಯಲಿಲ್ಲ. ನೀನು ಬೈದು ಬರೆಯುತ್ತೀಯ ಎಂದು ಕಾದೆ. ಬೈದಿದ್ದರೆ ಸುಲಭವಾಗುತ್ತಿತ್ತು.

ಯಾಗೊದಾಳ ದೇಹಕ್ಕೆ ಏನೂ ಆಗಿಲ್ಲ. ಶಾಲೆಗೆ ಹೋಗುತ್ತಾಳೆ. ಟೀಚರು, "ಇಷ್ಟು ಶಿಸ್ತಿನ ಮಗು ನಾನು ನೋಡೇ ಇಲ್ಲ" ಎನ್ನುತ್ತಾರೆ. ನಮ್ಮ ಕಟ್ಟಡದಲ್ಲಿ ಎಲ್ಲರೂ ನನ್ನನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಾರೆ. ಕೊಟ್ಟದ್ದನ್ನು ತಿನ್ನುತ್ತಾಳೆ, ಸಾಕು ಅನ್ನುವುದಿಲ್ಲ, ಬೇಕು ಅನ್ನುವುದಿಲ್ಲ. ಡೆನಿಸ್ ಕಚ್ಚಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ, ಅವನು ಬಿಡುವವರೆಗೆ ಕಾಯುತ್ತಾಳೆ. ಪ್ರತಿ ವಾಕ್ಯಕ್ಕೂ ಅಮ್ಮ ಸೇರಿಸುತ್ತಾಳೆ. ಹೌದು ಅಮ್ಮ, ಆಯಿತು ಅಮ್ಮ. ನಮ್ಮ ಕಾರ್ಖಾನೆಯಲ್ಲಿ ನಾನು ಫೋರ್‌ಮನ್‌ಗೆ ಸರ್ ಅನ್ನುವ ಹಾಗೆ.

ಹೋದ ಭಾನುವಾರ ನಮ್ಮ ಕಡೆಯವರೇ ಒಬ್ಬರು, ಮಕ್ಕಳಿಲ್ಲದ ಗಂಡ ಹೆಂಡತಿ, ಕಾಫಿಗೆ ಬಂದಿದ್ದರು. ಬಾಗಿಲ ಗಂಟೆ ಆದ ಕೂಡಲೇ ಯಾಗೊದಾ ಒಳಗೆ ಹೋದಳು. ಹೊರಗೆ ಬಂದಾಗ ಕೋಟು ಹಾಕಿಕೊಂಡು, ಗುಂಡಿಯೆಲ್ಲ ಹಾಕಿ, ಶೂ ಲೇಸು ಕಟ್ಟಿ, ಶಾಲೆಯ ಚೀಲ ಹಿಡಿದುಕೊಂಡು ನಿಂತಿದ್ದಳು. ನನ್ನ ಕಿವಿಯ ಹತ್ತಿರ ಬಂದು ಕೇಳಿದಳು, "ಇವರೇನಾ ಅಮ್ಮ?"

"ಇವರೇ ಅಂದರೆ?"

"ನನ್ನ ಕರ್ಕೊಂಡು ಹೋಗೋರು."

ಬಂದ ಹೆಂಗಸು, "ಅಯ್ಯೋ ಬಂಗಾರ, ಎಲ್ಲಿಗೆ ಹೊರಟ್ಯೇ?" ಎಂದು ನಕ್ಕಳು. ಯಾಗೊದಾ ಆ ಹೆಂಗಸಿನ ಕೈ ಹಿಡಿದುಕೊಂಡಳು ಅಕ್ಕ. ನಗುತ್ತಾ ಹಿಡಿದುಕೊಂಡಳು. ಜಾದರಿನ ಮಾರುಕಟ್ಟೆಯಲ್ಲಿ ನನ್ನ ಕೈ ಹಿಡಿದದ್ದೂ ಹಾಗೆಯೇ.

ನಾನು ಏನು ಹೇಳಿದರೂ ಆ ಮಾತು ಅವಳ ತಲೆಯಿಂದ ಹೋಗುವುದಿಲ್ಲ. ನೀನು ಬೇಡವೆಂದು ಕೊಟ್ಟೆ, ನಾನೂ ಒಂದು ದಿನ ಕೊಡುತ್ತೇನೆ ಎಂದು ಕಾಯುತ್ತಿದ್ದಾಳೆ. ನೀನು ಒಂದು ಸಾಲು ಬರೆ. ನಾನು ಹಾಗೆ ಹೇಳಿರಲಿಲ್ಲ ಮಗು, ನಿನ್ನನ್ನು ಬಿಟ್ಟುಕೊಟ್ಟಿರಲಿಲ್ಲ ಎಂದು ಒಂದೇ ಸಾಲು. ನಿನ್ನ ಅಕ್ಷರದಲ್ಲಿ ಬಂದರೆ ನಂಬುತ್ತಾಳೆ. ನಾನೇ ಹೇಳಬಹುದಲ್ಲ ಎನ್ನುತ್ತೀಯ. ಹೇಳಲಾರೆ. ಹೇಳಿದರೆ ನಾನು ಸುಳ್ಳುಗಾತಿ ಎಂದು ಗೊತ್ತಾಗುತ್ತದೆ. ಅಮ್ಮ ಎನ್ನುವ ಆ ಮಾತೊಂದು ಬಿಟ್ಟರೆ ಅವಳದೆಂದು ನನ್ನ ಹತ್ತಿರ ಏನೂ ಇಲ್ಲ. ನೀನು ಬರೆದರೆ ಏನೋ ತಪ್ಪು ತಿಳುವಳಿಕೆ ಆಗಿತ್ತು ಎಂದು ಹೇಳಿ ಸಂಭಾಳಿಸುತ್ತೇನೆ.

ಕಾಲಿಗೆ ಬೀಳುತ್ತೇನೆ ಅಕ್ಕ.

ದಿಂಕಾ


ಇಗ್ರಾನೆ, 21 ಡಿಸೆಂಬರ್ 1977

ದಿಂಕಾ,

ಸೆನ್‌ನಿಂದ ನೀನು ಬರೆದದ್ದನ್ನು ಓದಿದ ದಿನದಿಂದ ನಾನು ಚರ್ಚಿನೊಳಗೆ ಕಾಲಿಟ್ಟಿಲ್ಲ. ಅದರ ಬಗ್ಗೆ ಅಷ್ಟೇ.

ನೀನು ಕೇಳಿದ ಸಾಲನ್ನು ಬರೆದೆ. ಒಂದು ಸಾಲಲ್ಲ, ಎರಡು ಹಾಳೆ. ನಾನು ಬಿಟ್ಟುಕೊಡಲಿಲ್ಲ, ನಿನ್ನನ್ನು ಕದ್ದುಕೊಂಡು ಹೋದರು, ನಿನ್ನಮ್ಮ ಸುಳ್ಳು ಹೇಳಿದಳು, ನಾನು ಇಲ್ಲೇ ಕಾಯುತ್ತಿದ್ದೇನೆ ಎಂದೆಲ್ಲ ಬರೆದೆ. ಪ್ರತಿ ಮಾತೂ ನಿಜ. ಅದನ್ನು ಓದಿದರೆ ಅವಳು ನಿನ್ನ ಮುಖ ನೋಡುವುದಿಲ್ಲ. ದೊಡ್ಡವಳಾಗುವವರೆಗೂ ಕಿಟಕಿಯಲ್ಲಿ ನಿಂತು ನನ್ನ ದಾರಿ ಕಾಯುತ್ತಾಳೆ. ಬರೆಯುವಾಗ ನನಗೆ ಎಷ್ಟು ಹಿತವಾಯಿತೆಂದರೆ, ಆ ಹಿತಕ್ಕೆ ಹೆದರಿ ಒಲೆಗೆ ಹಾಕಿದೆ.

ನಿನ್ನ ಮೇಲೆ ಕರುಣೆಯಿಂದ ಎಂದುಕೊಳ್ಳಬೇಡ. ಬೇರೆ ಕಾಗದ ಬರೆದು ಇದರ ಜೊತೆಗಿಟ್ಟಿದ್ದೇನೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀನೇ ಗಟ್ಟಿಯಾಗಿ ಓದು. ನನ್ನ ಅಕ್ಷರ ಅವಳಿಗೆ ಅಷ್ಟಿಷ್ಟು ಗೊತ್ತು, ಬೆರಳಿಟ್ಟು ನೋಡುತ್ತಿರುತ್ತಾಳೆ. ನೀನು ಒಂದು ಮಾತು ಬಿಟ್ಟರೂ ತಿಳಿಯುತ್ತದೆ.

ಬೇಸಿಗೆಯಲ್ಲಿ ಬರಬೇಡಿ. ಅವಳ ಕೋಣೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟಿದ್ದೇನೆ.

ಪೆರೀನಾ

*

ಯಾಗೊದಾ,

ನಿನ್ನಮ್ಮ ಹೇಳಿದ್ದು ನಿಜ. ನಿನ್ನನ್ನು ಕರೆದುಕೊಂಡು ಹೋಗಿ ಎಂದು ಹೇಳಿದ್ದು ನಾನೇ. ನಿನ್ನಮ್ಮ ಸುಳ್ಳು ಹೇಳುವವಳಲ್ಲ, ಅದನ್ನು ನೀನು ಯಾವತ್ತೂ ನಂಬಬೇಕು.

ನೀನು ಏನೂ ತಪ್ಪು ಮಾಡಿರಲಿಲ್ಲ. ನನಗೆ ವಯಸ್ಸಾಯಿತು, ಮಗು ಸಾಕುವುದು ಸಾಕಾಗಿತ್ತು, ಅಷ್ಟೇ. ಇಲ್ಲಿ ನಿನ್ನ ಮಂಚ ಈಗ ಬೇರೆಯವರದು. ವಾಪಸ್ ಬರುವ ಜಾಗ ಇಲ್ಲ, ಆದ್ದರಿಂದ ನಿನ್ನನ್ನು ಯಾರೂ ಎಲ್ಲಿಗೂ ಕಳಿಸಲು ಆಗುವುದಿಲ್ಲ. ಆ ಮನೆ ನಿನ್ನದು. ಅಲ್ಲಿ ಕೂಗಾಡಬಹುದು, ತಟ್ಟೆ ಒಡೆಯಬಹುದು, ತಮ್ಮ ಕಚ್ಚಿದರೆ ತಿರುಗಿ ಕಚ್ಚಬಹುದು.

ನನಗೆ ಬರೆಯಬೇಡ. ನಾನು ಬಿಡಿಸಿ ಓದುವುದಿಲ್ಲ.

ಈ ಕಾಗದವನ್ನು ನಿನ್ನಮ್ಮ ಓದಿ ಹೇಳುತ್ತಿದ್ದಾಳೆ. ಅವಳ ದನಿ ನಡುಗಿದರೆ ಹೆದರಬೇಡ, ಮಧ್ಯದಲ್ಲಿ ನಿಂತರೆ ಮುಂದೆ ಓದು ಎಂದು ಹೇಳು. ಪೂರ್ತಿ ಓದಿ ಮುಗಿಸಿದ ಮೇಲೆ ಅವಳಿಗೆ ಒಂದು ಲೋಟ ನೀರು ತಂದುಕೊಡು.